ಬಾಯಿ ಕೂಡದ ಕಲ್ಲು

"ನೀರು ಹಾಕೇ ಮೂಗಿ! ಒಣಗಿದ ಕಲ್ಲು ನೋಡಿ ಯಾವನು ದುಡ್ಡು ಹಾಕ್ತಾನೆ? ನಿನ್ನ ಮುಸುಡಿ ನೋಡಿ ಹಾಕ್ತಾನಾ?"

ಮ್ಯಾನೇಜರ್ ಬೂಟಿನ ತುದಿಯಿಂದ ಮಗ್ಗನ್ನು ಅವಳತ್ತ ಒದ್ದ. ಮೂಗಿ ಎಂದರೆ ಮಾತು ಬಾರದವಳೇನಲ್ಲ. ಮಾತು ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು, ಅಷ್ಟೇ. ಕ್ಯಾನಿನಿಂದ ಮಗ್ಗಿಗೆ ನೀರು ಬಗ್ಗಿಸಿಕೊಂಡವಳು, ತಗಡಿನ ಶೆಡ್ಡಿನ ಕಾವಿಗೆ ಬಾಯಿ ಒಣಗಿದ್ದರಿಂದ, ಒಂದು ಗುಟುಕು ಕುಡಿಯಹೋದಳು.

"ಥೂ, ಎಂಜಲು ಮಾಡಬೇಡ! ಅದು ಕಲ್ಲಿಗೆ ತರಿಸಿರೋದು. ಡ್ರಮ್ಮಿನ ನೀರು ಹಾಕಿದ್ರೆ ಕೆಸರು ಕೂತು ಹೊಳಪು ಹೋಗುತ್ತೆ. ನಿಮಗೆ ಆ ಡ್ರಮ್ ಇದೆಯಲ್ಲ, ಹೋಗಿ ಮುಕ್ಕು."

ಅದೊಂದು ಚಿಕ್ಕ ಕಂಪನಿ. ಈವರೆಗೆ ಒಂದು ಗುಂಜಿ ಪ್ಲಾಟಿನಂ ತೆಗೆದದ್ದಿಲ್ಲ. ಗುಡ್ಡಕ್ಕೆ ಬೋರು ಕೊರೆಯುವುದು, ಒಳಗಿನಿಂದ ಬಂದ ಮುಂಗೈ ದಪ್ಪದ ಕಲ್ಲಿನ ಕೋಲುಗಳನ್ನು ಟ್ರೇಗಳಲ್ಲಿ ಜೋಡಿಸಿ ತೋರಿಸುವುದು, ತೋರಿಸಿ ಷೇರು ಮಾರುವುದು: ಇದೇ ಅದರ ವ್ಯಾಪಾರ. ಮೂಗಿಯ ಅವ್ವ ಗರಗಸದಲ್ಲಿ ಕೋಲನ್ನು ಉದ್ದುದ್ದ ಸೀಳುತ್ತಿದ್ದಳು. ಅರ್ಧ ಲ್ಯಾಬಿಗೆ, ಅರ್ಧ ಟ್ರೇಗೆ. ತುಂಡಾದ ಕೋಲುಗಳ ಮುರಿದ ತುದಿಗಳನ್ನು ಒಂದಕ್ಕೊಂದು ಕಚ್ಚಿಸಿ ಕೂರಿಸುವುದು ಮೂಗಿಯ ಕೆಲಸ. ಶೆಡ್ಡಿನ ಹೆಂಗಸರು ಅದಕ್ಕೆ ಬಾಯಿ ಕೂಡಿಸೋದು ಅನ್ನುತ್ತಿದ್ದರು.

"ಬಂಗಾರದ ಜೊತೆ ತೂಗೋ ಲೋಹವಂತೆ ಕಣೇ. ಕಾರಿನ ಹೊಗೆ ಕೊಳವೆಯೊಳಗೆ ಹಾಕ್ತಾರಂತೆ," ಎಂದು ಅವ್ವ ಒಮ್ಮೆ ಹೇಳಿದಾಗ ಪಕ್ಕದ ಕುಳ್ಳಕ್ಕ ನಕ್ಕುಬಿಟ್ಟಿದ್ದಳು: "ಅಯ್ಯೋ, ಕಾರಿನ ತಿಕಕ್ಕಿರೋ ಭಾಗ್ಯ ನಮ್ಮ ಕಿವಿಗಿಲ್ಲವಲ್ಲೇ!"

ಇವತ್ತು ನಗು ಇರಲಿಲ್ಲ. ಶೆಡ್ಡಿನ ಹಿಂದಿನ ಹನ್ನೆರಡು ಮನೆಗಳ ಜಾಗ ಕಂಪನಿಗೆ ಬೇಕಾಗಿತ್ತು. ಜಾಗದ ಬದಲಿಗೆ ಷೇರು. ದುಡ್ಡು ಹಾಕುವವರು ನೋಡಲು ಬರುವ ಹೊತ್ತಿಗೇ ಹನ್ನೆರಡು ಹೆಬ್ಬೆಟ್ಟು ಬೀಳಬೇಕು, ಕೂಲಿಯವರೇ ನಂಬಿದ ಕಂಪನಿ ಎಂದು ಫೋಟೋ ಬರಬೇಕು.

ಮೂಗಿ ಹದಿನೇಳನೇ ಬೋರಿನ ಟ್ರೇಗೆ ನೀರು ಸುರಿದಳು. ಕಲ್ಲು ಕಪ್ಪಗೆ ಹೊಳೆಯಿತು, ಒಳಗೆ ಹಳದಿ ಚುಕ್ಕೆಗಳು ಮಿನುಗಿದವು. ಅವಳ ಕೈ ತಡೆಯಿತು. ಮೊನ್ನೆ ತಾನೇ ಜೋಡಿಸಿದ ಹದಿನೇಳರಲ್ಲಿ ಚುಕ್ಕೆಯ ಸುಳಿವೇ ಇರಲಿಲ್ಲ. ಒಂದು ತುಂಡೆತ್ತಿ ಪಕ್ಕದ್ದಕ್ಕೆ ಒತ್ತಿದಳು. ತಿರುಗಿಸಿ ಒತ್ತಿದಳು. ಬಾಯಿ ಕೂಡಲಿಲ್ಲ. ಇಂಥ ಚುಕ್ಕೆ ಇದ್ದದ್ದು ನಾಲ್ಕನೇ ಬೋರಿನಲ್ಲಿ ಮಾತ್ರ; ಅದರ ತುಂಡುಗಳನ್ನು ಆರಿಸಿ ಇಲ್ಲಿ ನಡುನಡುವೆ ತುರುಕಿದ್ದರು.

"ಸಾರ್... ಇದು ನಾಲ್ಕನೇ ಬೋರಿಂದು."

ಮ್ಯಾನೇಜರ್ ಹತ್ತಿರ ಬಂದು, ಮೆಲ್ಲಗೆ ಹೇಳಿದ: "ಕಲ್ಲು ಜೋಡಿಸು, ಮಾತು ಜೋಡಿಸಬೇಡ. ಇಲ್ಲಾಂದ್ರೆ ನಾಳೆ ಪೊಲೀಸರನ್ನ ಕರೆಸಿ, ಷೇರೂ ಇಲ್ಲದೆ ಗುಡಿಸಲು ಎತ್ತಿಸ್ತೀನಿ. ತಿಳೀತಾ, ರಂಡೆ?"

ಅವಳು ಓಡಿಹೋಗಿ ಅವ್ವನ ಸೆರಗು ಹಿಡಿದಳು. "ಅವ್ವಾ, ಹೆಬ್ಬೆಟ್ಟು ಒತ್ತಬೇಡ. ಕಲ್ಲು ಬದಲಾಯಿಸಿದಾರೆ."

"ಸುಮ್ನಿರೇ. ಎಲ್ಲರೂ ಒತ್ತುತಾರೆ, ನಾನೊಬ್ಬಳು ಬೇಡ ಅಂದ್ರೆ ಬಿಟ್ಟುಬಿಡ್ತಾನಾ ಆ ಬೋಳಿಮಗ? ಕಾಗದನಾದ್ರೂ ಕೈಯಲ್ಲಿರಲಿ."

ಹೊರಗೆ ಕಾರುಗಳು ನಿಂತವು. ಬಿಳಿ ಹೆಲ್ಮೆಟ್ಟಿನ ನಾಲ್ವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಒಳಬಂದರು. ಮ್ಯಾನೇಜರ್ ಟ್ರೇ ಮೇಲೆ ಬೆರಳಾಡಿಸಿದ. "ಹದಿನೇಳನೇ ಬೋರು ಸಾರ್. ಹೋದ ವಾರವಷ್ಟೇ ಸಿಕ್ಕಿದ್ದು." ಅತ್ತ ಮೇಜಿನ ಮೇಲೆ ಕಾಗದ ಹರಡಿತ್ತು. ಗುಮಾಸ್ತ ಅವ್ವನ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿದ.

ಮೂಗಿ ಟ್ರೇಯಲ್ಲಿ ಅಕ್ಕಪಕ್ಕ ಇದ್ದ ಎರಡು ತುಂಡನ್ನು ಎರಡೂ ಕೈಗೆ ಎತ್ತಿಕೊಂಡು ಹೋಗಿ ಆ ಕಾಗದದ ಮೇಲೇ ಇಟ್ಟಳು. ತುದಿಗೆ ತುದಿ ಒತ್ತಿದಳು. ನಡುವೆ ಬೆರಳು ತೂರುವಷ್ಟು ಸಂದು.

"ಏನಿದು?" ಎಂದ ಕನ್ನಡಕದ ಹೆಲ್ಮೆಟ್ಟು.

"ತಲೆ ಸರಿಯಿಲ್ಲದವಳು ಸಾರ್, ಮೂಗಿ—"

"ಕಲ್ಲು ಸುಳ್ಳು ಹೇಳ್ತಿಲ್ಲ," ಎಂದಳು ಮೂಗಿ. ಈ ಸಲ ಮಾತು ಗಂಟಲಲ್ಲಿ ಕೂರಲಿಲ್ಲ. "ಒಂದೇ ಬೋರಿನ ಅಕ್ಕಪಕ್ಕದ ಕಲ್ಲಾದ್ರೆ ಬಾಯಿ ಕೂಡುತ್ತೆ. ನೀವೇ ಕೂಡಿಸಿ ನೋಡಿ."

ಕನ್ನಡಕದವನು ಒತ್ತಿದ, ತಿರುಗಿಸಿದ, ಮತ್ತೆ ಒತ್ತಿದ. ಗುಮಾಸ್ತನ ಕೈ ಸಡಿಲಾಯಿತು. ಅವ್ವ ಶಾಯಿಯ ಹೆಬ್ಬೆರಳನ್ನು ಕಾಗದಕ್ಕೆ ಒತ್ತದೆ, ಕಲ್ಲಿನ ಸೀಳಿದ ಮೈಯ ಮೇಲೆ ಮೆಲ್ಲಗೆ ಎಳೆದಳು. ಕೊಯ್ತ ಅಲೆಅಲೆಯಾಗಿತ್ತು.

"ಇದು ಆ ಡೊಂಕು ಬ್ಲೇಡಿನ ಕೊಯ್ತ," ಎಂದಳು. ಎಡಗೈ ಎತ್ತಿ ತೋರಿಸಿದಳು. ಅದರಲ್ಲಿ ನಾಲ್ಕೇ ಬೆರಳು. "ನಾಲ್ಕನೇ ಬೋರು ಸೀಳೋವಾಗ ಇದು ಹೋಯ್ತು. ಬ್ಲೇಡು ಬದಲಾಯಿಸಿ ಅಂತ ಎಷ್ಟು ಬಡ್ಕೊಂಡಿದ್ದೆ ಸಾರ್, ನೆನಪಿದೆಯಾ? ಬೆರಳು ಹೋದ ಮೇಲೆ ತಾನೇ ಹೊಸ ಬ್ಲೇಡು ಬಂದಿದ್ದು? ಹದಿನೇಳನ್ನ ಸೀಳಿದ್ದು ಆ ಹೊಸದ್ರಲ್ಲಿ."

"ಹೊರಗೆ ಹಾಕ್ರೋ ಇವರನ್ನ! ಲೇ, ನಾಳೆಯಿಂದ ನಿಮ್ಮ ಮನೆ—"

"ಮನೆ ಈ ಶೆಡ್ಡಿನ ಹಿಂದೇನೇ ಇದೆ, ಬಾ. ನಾವೂ ಅಲ್ಲೇ ಇರ್ತೀವಿ," ಎಂದಳು ಅವ್ವ.

ಅವ್ವ ಹೆಬ್ಬೆಟ್ಟನ್ನು ಕಲ್ಲಿನ ಮೇಲೆ ಒತ್ತಿದಳು. ಹೆಬ್ಬೆಟ್ಟಿಗೆಂದು ಹಿಂದೆ ಸಾಲಿನಲ್ಲಿ ನಿಂತಿದ್ದ ಕುಳ್ಳಕ್ಕ ಮೇಜಿನ ಕಡೆ ಬರಲಿಲ್ಲ. ಕ್ಯಾನಿನ ಬಳಿ ಹೋಗಿ ಮಗ್ಗು ತುಂಬಿ, ಗಟಗಟನೆ ಕುಡಿದು, ಹಿಂದಿನವಳಿಗೆ ಕೊಟ್ಟಳು. ಮಗ್ಗು ಕೈಯಿಂದ ಕೈಗೆ ಹೋಗಿ, ಕೊನೆಗೆ ಮೂಗಿಯ ಕೈಗೆ ಬಂತು. ಅವಳು ಮ್ಯಾನೇಜರನ ಮುಖ ನೋಡುತ್ತಲೇ ಕೊನೆಯ ಹನಿಯವರೆಗೂ ಕುಡಿದಳು.

ಕ್ಯಾನು ಖಾಲಿಯಾಯಿತು. ಟ್ರೇಯಲ್ಲಿ ಕಲ್ಲು ಒಂದೊಂದಾಗಿ ಒಣಗಿ, ಬೂದಿಬಣ್ಣಕ್ಕೆ ತಿರುಗತೊಡಗಿತು.