ಅಕಾಹಾನನ ಮೇಲೆ ಮಣ್ಣು

ಮಣ್ಣು ಬೀಳುವ ಸದ್ದು ಹೀಗಿರಬಾರದು, ಇಷ್ಟು ಪೊಳ್ಳಾಗಿ, ಯಾರೋ ಒಲ್ಲದ ಮನಸ್ಸಿನಿಂದ ಎಸೆದ ಹಾಗೆ — ಅಕಾಹಾನ್ ಗುದ್ದಲಿಯಲ್ಲಿ ಎಳೆದರೆ ಧಪ್ಪನೆ ಬೀಳುತ್ತಿತ್ತು, ಹೆಗ್ಗೆಣಸಿಗೆ ಸೊಂಟದೆತ್ತರದ ದಿಬ್ಬ ಕಟ್ಟುತ್ತಿದ್ದವನು, ಈಗ ಅವನ ಮೇಲೆಯೇ ದಿಬ್ಬ, ಇವೆರೆನ್ ಚಾಪೆಯ ಮೇಲೆ ಕೂತು ಗಂಡನ ಗುಂಡಿ ನೋಡುತ್ತಾಳೆ, ಗುಂಡಿಯ ಆಚೆ ಅಂಚಿನಲ್ಲಿ ಚರ್ಚಿನ ಉಪದೇಶಿ ಹೊಗಳುತ್ತಿದ್ದಾನೆ, ಬದುಕಿಡೀ ಹೊಲದಲ್ಲೇ ದುಡ್ದ, ಹೆಂಡ್ತಿ ಮಕ್ಳೇ ಪ್ರಾಣ ಅಂತಿದ್ದ, ಒಂದ್ ಇರುವೆನೂ ತುಳೀಲಿಲ್ಲ ಪುಣ್ಯಾತ್ಮ — ಸುಳ್ಳು, ಹಸಿ ಸುಳ್ಳು, ಮದುವೆಯಾದ ಮೊದಲ ಮಳೆಗಾಲದಲ್ಲೇ ಅವಳ ತಮ್ಮನ ಹಲ್ಲುದುರಿಸಿದವನು, ಎಳ್ಳು ಕದ್ದನೆಂದು, ಆಮೇಲೆ ತಾನೇ ಗಂಜಿ ಕದಡಿ ಅವನ ಬಾಯಿಗಿಟ್ಟವನು, ಮುರಿದೋನೇ ಕಟ್ಬೇಕು ಕಣೇ ಅನ್ನುತ್ತಿದ್ದ, ನಾಚಿಕೆಯಿಲ್ಲದೆ ನಗುತ್ತ. ಯೇರೋನನ್ನೂ ಹಾಗೇ ಅಲ್ಲವೆ, ದನ ಮೇಯಿಸುವ ಫುಲಾನಿಗಳ ಮಗ, ಆಗಿನ್ನೂ ಮೀಸೆ ಮೂಡಿರಲಿಲ್ಲ, ಹಿಂಡು ಬಿಟ್ಟು ಮರದಡಿ ನಿದ್ದೆ ಹೋಗಿದ್ದ, ಏಳುವಷ್ಟರಲ್ಲಿ ಅರ್ಧ ಹೊಲದ ಬಳ್ಳಿ ದನಗಳ ಬಾಯಲ್ಲಿ — ಗುದ್ದಲಿಯ ಕಾವಿನಿಂದ ಒಂದೇ ಏಟು, ಮೊಣಕಾಲಿನ ಕೆಳಗೆ, ಒಣ ದಂಟು ಮುರಿದಂತೆ ಲಟಕ್ಕನೆ, ಕೊಂದ್ಬಿಟ್ಯಲ್ಲೋ ಪಾಪಿ ಎಂದು ಅವಳು ಅರಚಿದಳು, ಸತ್ತಿಲ್ಲ, ಕಾಲಷ್ಟೇ, ಬಾಯ್ಮುಚ್ಕೊಂಡ್ ನೀರ್ ಕಾಯ್ಸು ಹೋಗು — ಹೆಗಲ ಮೇಲೆ ಹೊತ್ತು ತಂದ, ಮೂಳೆ ಕಟ್ಟುವವನನ್ನು ಕರೆಸಿದ, ಮಳೆ ನಿಲ್ಲುವ ತನಕ ಯೇರೋ ಇದೇ ಗುಡಿಸಲಲ್ಲಿ, ಕುಟ್ಟಿದ ಹೆಗ್ಗೆಣಸಿನ ಮುದ್ದೆ ನುಂಗುತ್ತ, ಅವಳ ಮಗ ಒರ್ಕುಮಾನ ಚಾಪೆಯಲ್ಲೇ ಮಲಗುತ್ತ, ಅವ್ವಾ, ಸಾರು ಇನ್ನೊಂಚೂರು ಹಾಕು, ಅನ್ನುತ್ತ — ಕಾಲು ಮಾತ್ರ ನೆಟ್ಟಗಾಗಲಿಲ್ಲ, ಎಡಗಾಲನ್ನು ಹೊರಕ್ಕೆ ಬೀಸಿ ನಡೆಯುತ್ತಿದ್ದ, ಈಗಲೂ ಹಾಗೇ.

ಮೊನ್ನೆ ಮುಂಜಾನೆ ಬಂದವರ ಮುಖಕ್ಕೆ ಬಟ್ಟೆ ಸುತ್ತಿತ್ತು. ಮೊದಲು ಹೆಗ್ಗೆಣಸಿನ ಕಣಜ ಹೊತ್ತಿತು, ಸುಟ್ಟ ಗೆಡ್ಡೆಯ ಸಿಹಿ ವಾಸನೆ, ನಾಚಿಕೆಗೇಡಿ ಬಾಯಲ್ಲಿ ಆಗಲೂ ನೀರೂರಿತಲ್ಲ — ಅಕಾಹಾನ್ ಅವಳನ್ನು ಎಳ್ಳಿನ ಪೈರಿನೊಳಗೆ ನೂಕಿದ, ಸೊಸೆ ಒಳಗವ್ಳೆ ಕಣೇ, ಅಂದ, ಹೋದ, ಬಸುರಿ ಸೊಸೆ ಹಿಂಬಾಗಿಲಿಂದ ಹೊಳೆಗೆ ಓಡುವವರೆಗೆ ಮುಂಬಾಗಿಲಲ್ಲಿ ನಿಂತ, ಗುದ್ದಲಿ ಬೀಸಿದ, ಒಬ್ಬನ ಕುತ್ತಿಗೆ ತೆರೆದುಕೊಂಡಿತು, ಇನ್ನೊಬ್ಬನ ತೊಡೆಗೆ ಬಿತ್ತು, ಬರ್ರೋ, ಬೇವರ್ಸಿಗಳಾ, ಬರ್ರೋ — ಆಮೇಲೆ ಮಚ್ಚುಗಳು, ಮೊದಲು ಕೈ, ಕೈ ಕಡಿದುಬಿದ್ದ ಮೇಲೂ ಬೆರಳುಗಳು ಗುದ್ದಲಿಯ ಕಾವನ್ನು ಬಿಡಲಿಲ್ಲ, ಆಮೇಲೆ ಹೆಗಲು, ಬೆನ್ನು, ಸೌದೆ ಸೀಳುವವರು ಹಾಗೆ ಏದುಸಿರು ಬಿಡುತ್ತಾರೆ, ಅವಳು ಎಳ್ಳಿನ ದಂಟು ಕಚ್ಚಿಕೊಂಡು ನೋಡಿದಳು, ಕಣ್ಣು ಮುಚ್ಚಲಿಲ್ಲ, ಹೊಗೆಯಲ್ಲಿ ಹಿಂದಿರುಗಿದವರಲ್ಲಿ ಕಡೆಯವನು ಎಡಗಾಲು ಎಳೆಯುತ್ತಿದ್ದ. ಬೀಸಿದನೋ, ಎಳೆದನೋ. ಅಕಾಹಾನನ ಏಟು ತಿಂದ ಯಾರಾದರೂ ಕುಂಟುತ್ತಿದ್ದರು. ನಿನ್ನೆ ಬೇಲಿಯ ಬಳಿ ಯಾರೋ ಸೋರೆಬುರುಡೆಯಲ್ಲಿ ಹಾಲಿಟ್ಟು ಹೋಗಿದ್ದರು, ಯೇರೋನ ತಾಯಿಯದೇ ಅದು, ಅಂಚಿನ ಕೆತ್ತನೆ ಅವಳಿಗೆ ಗೊತ್ತು, ಒರ್ಕುಮಾ ಒದ್ದ, ಹಾಲು ಬೂದಿಗೆ ಹರಿಯಿತು — ಈಗ ಅವನು ಅವಳ ಮುಂದೆ ಮಂಡಿಯೂರಿದ್ದಾನೆ, ಬೆವರು, ಕೆಂಡದ ಕಣ್ಣು, ಅವ್ವಾ, ನೀನ್ ಕಣ್ಣಾರೆ ಕಂಡೋಳು, ಗುರ್ತಿನೋರು ಇದ್ರಾ, ಒಂದ್ ಹೆಸ್ರು ಹೇಳು ಸಾಕು, ಅವಳ ಮೈದುನ ಒರ್ಕುಮಾನ ಭುಜ ಹಿಡಿದೆಳೆಯುತ್ತಾನೆ, ಥೂ, ಮೊದ್ಲು ಅಪ್ಪನ್ ಮುಚ್ಚೋ, ಅವನು ಕೊಸರಿಕೊಳ್ಳುತ್ತಾನೆ, ಬಿಡು ಚಿಕ್ಕಪ್ಪ, ಹೇಳವ್ವಾ — ಹೇಳಬಾರದು, ಕಾಲು ಮಾತ್ರ ಕಂಡದ್ದು, ಹೊಗೆಯಿತ್ತು, ಸಾರು ಇನ್ನೊಂಚೂರು ಹಾಕು ಅಂದ ಬಾಯಿ ಅದು, ಆದರೆ ಆ ಬೆರಳುಗಳು, ಕಾವನ್ನು ಬಿಡದ ಬೆರಳುಗಳು, ಅವನ್ನು ಬಿಡಿಸಿದ್ದು ಅವಳೇ, ಒಂದೊಂದಾಗಿ — ಯೇರೋ, ಅಂದಳು.

ತಡಿಯೋ, ಕಾಲಷ್ಟೇ ಕಣೋ ಕಂಡಿದ್ದು, ಅಂದಾಗ ಕೇಳಲು ಯಾರೂ ಇರಲಿಲ್ಲ. ಮಣ್ಣೆಳೆಯುತ್ತಿದ್ದ ಹುಡುಗರು ಒರ್ಕುಮಾನ ಹಿಂದೆ ಗುದ್ದಲಿಗಳನ್ನೂ ಹೊತ್ತೊಯ್ದರು, ಮಚ್ಚುಗಳನ್ನೂ, ಮೈದುನ ಬೈಯುತ್ತ ಹಿಂದೆ ಓಡಿದ, ಉಪದೇಶಿಯೂ ಓಡಿದ, ದೇವರ ಹೆಸರು ಕೂಗುತ್ತ, ಹೆಂಗಸರು ಮಕ್ಕಳನ್ನೆಳೆದುಕೊಂಡು ಹೊಳೆಯ ಕಡೆಗೆ, ಮತ್ತೆ ಹೊಳೆಯ ಕಡೆಗೆ. ಅವಳು ಗುಂಡಿಯ ಅಂಚಿಗೆ ತೆವಳುತ್ತಾಳೆ. ಮಣ್ಣು ಅವನ ಎದೆಯ ತನಕ ಬಂದು ನಿಂತಿದೆ. ಬೊಗಸೆಯಲ್ಲಿ ತುಂಬಿ ಹಾಕುತ್ತಾಳೆ, ಉಗುರು ಸೀಳುತ್ತದೆ, ಇನ್ನೊಂದು ಬೊಗಸೆ, ಕತ್ತಿನ ತನಕ, ಹೂಂ, ಮುರಿದೋಳೇ ಕಟ್ಬೇಕು — ಫುಲಾನಿಗಳ ಹಟ್ಟಿಯ ಕಡೆಯಿಂದ ಮೊದಲ ಕಿರುಚಾಟ, ಹೆಂಗಸಿನದು, ಅವಳ ಬೊಗಸೆ ತುಂಬಿದೆ, ಕೈ ಬಾಗುತ್ತಿಲ್ಲ, ಕಪ್ಪು ಬಿಳಿ ಪಟ್ಟೆಯ ಬಟ್ಟೆಯಡಿ ಅವನ ಮೂಗು, ಬಟ್ಟೆಯನ್ನೆತ್ತಿ ನಿಂತ ಮೂಗು, ಇಲ್ಲಿ ಹೇಗೆ ಹಾಕಲಿ, ಉಸಿರು ಕಟ್ಟುವುದಿಲ್ಲವೆ, ಆ ಮೂಗು, ಬಟ್ಟೆಯನ್ನೆತ್ತಿ ನಿಂತ ಆ ಮೂಗು —