ಬೆಂಕಿಗೆ ಹೇಳಬೇಕಾದ ಮಾತು

ಅಮ್ಮನಿಗೆ ತೋಡಿದ ಗುಂಡಿಯ ಪಕ್ಕದ ಬೆಂಕಿಗೆ ಝೋಯಾ ಮೀನಿನ ಕೊಬ್ಬು ಹಾಕಿದಳು; ಬಾಯಿ ಮಾತ್ರ ತೆರೆಯಲಿಲ್ಲ. ಬರುತ್ತಿರುವವಳು ಯಾರ ಮಗಳು, ಯಾವ ಹೊಳೆಯ ದಂಡೆಯವಳು ಎಂದು ಹಿರಿಮಗಳು ತಮ್ಮ ಜನದ ಯುಕಾಗಿರ್ ಮಾತಿನಲ್ಲೇ ಬೆಂಕಿಗೆ ಹೇಳಬೇಕು. ಹೇಳದಿದ್ದರೆ ಸತ್ತವರ ಲೋಕದ ಹಿರಿಯರಿಗೆ ಗುರುತು ಸಿಗದು. ಅವಳ ತಾಯಿ ಉಲ್ಯಾನಾ ಅಲ್ಲಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

"ಬೇಗ ಹೇಳವ್ವ. ಕೊಲಿಮಾ ಹೊಳೆಯ ಗಾಳಿ ಯಾರಿಗೂ ಕಾಯಲ್ಲ," ಎಂದ ಎವೆನ್ ಬುಡಕಟ್ಟಿನ ಮುದುಕ ಸ್ಪಿರಿದೋನ್.

"ನೀನೇ ಹೇಳು ತಾತ."

"ನಿಮ್ಮ ಮಾತಲ್ಲಿ ನನಗೆ ಬರೋದು ಟೀ ಕೇಳೋಕೆ, ಬೈಯೋಕೆ. ಎರಡೂ ನಿಮ್ಮಮ್ಮನೇ ಕಲಿಸಿದ್ದು."

ಅಳುತ್ತಿದ್ದ ನೆರೆಮನೆಯ ಯಾಕೂತ್ ಜನದ ಹೆಂಗಸು ಮಾಯಿಸ್ ಮೂಗೊರೆಸಿಕೊಂಡು ನಕ್ಕಳು. ಝೋಯಾಗೆ ನಗು ಬರಲಿಲ್ಲ.

*

ಎರಡು ವರ್ಷದ ಹಿಂದೆ ಪಟ್ಟಣದಿಂದ ಭಾಷಾಪಂಡಿತನೊಬ್ಬ ಬಂದಿದ್ದ. ಉಲ್ಯಾನಾ ಆಡಿದ್ದನ್ನೆಲ್ಲ ಬರೆದುಕೊಂಡು, ಈ ಪದ ಯಾಕೂತರದು, ಇದು ಎವೆನರದು, ಇದು ಎಂದೋ ಮಂಗೋಲರ ಕಡೆಯಿಂದ ಬಂದದ್ದು ಎಂದು ಖುಷಿಯಿಂದ ಗುರುತು ಹಾಕಿ ಹೋದ. ಆ ಪಟ್ಟಿ ಹಿಡಿದು ಕೂತವಳು ಊರ ಶಾಲೆಯ ಮೇಡಂ ಝೋಯಾ.

"ಅಮ್ಮಾ, ಕುದುರೆಗೆ ಹಾಗನ್ನಬೇಡ. ಅದು ಯಾಕೂತರ ಮಾತು."

"ಮತ್ತೇನನ್ನಲಿ? ಕುದುರೆ ತಂದೋರೇ ಅವರು ಕಣೇ."

"ಮಕ್ಕಳಿಗೆ ಶುದ್ಧವಾದದ್ದು ಕಲಿಸ್ಬೇಕಮ್ಮ."

ಅಂದಿನಿಂದ ಮುದುಕಿ ಪ್ರತಿ ಮಾತಿಗೂ ಮೊದಲು ಮಗಳ ಮುಖ ನೋಡತೊಡಗಿದಳು. ಬರಬರುತ್ತ ಮಾತನ್ನೇ ಬಿಟ್ಟಳು. ಟೀ ಬೇಕಾದರೆ ಬಟ್ಟಲು ತೋರಿಸುತ್ತಿದ್ದಳು. ಝೋಯಾ ಅದನ್ನು ವಯಸ್ಸಿನ ದಣಿವೆಂದುಕೊಂಡಿದ್ದಳು.

*

"ನಮ್ಮ ಯಾಕೂತ್ ಮಾತೇ ಬೆರೆಸಿ ಹೇಳೇ," ಎಂದಳು ಮಾಯಿಸ್. "ಅವಳು ಆಡ್ತಿದ್ದದ್ದೇ ಹಾಗೆ. ಅಲ್ಲಿರೋರೂ ಹಾಗೇ ಆಡ್ತಿದ್ದೋರು."

ಬೆರೆಸಲು ತನ್ನ ಬಳಿ ಏನಿದೆ? ಪಟ್ಟಿಯ ಪದಗಳು ಒಂದೊಂದಾಗಿ ಬಾಯಿಪಾಠ. ಅವನ್ನು ಕೂಡಿಸಿ ಒಂದು ಮಾತಾಡಲು ಬಾರದು. ಅಮ್ಮನನ್ನು ತಿದ್ದುವುದರಲ್ಲೇ ಹೊತ್ತು ಕಳೆದುಹೋಗಿತ್ತು, ಕಲಿಯಲು ಬಿಡುವಾಗಿರಲಿಲ್ಲ. ಝೋಯಾ ಬೆಂಕಿಯತ್ತ ಬಾಗಿದಳು. ಎರಡು ಪದ ಆಡಿದಳು. ಮೂರನೆಯದು ನಮ್ಮದೋ ಅವರದೋ ತಿಳಿಯದೆ ನಿಂತಳು.

"ಬೆಂಕಿ ಆರ್ತಾ ಇದೆ," ಎಂದ ಸ್ಪಿರಿದೋನ್ ಮೆಲ್ಲಗೆ. ಗುಂಡಿ ಮುಚ್ಚಲು ಗಂಡಸರು ಸಲಿಕೆ ಎತ್ತಿಕೊಂಡರು.

"ಶಾಲುಗಿನಾ ಉಲ್ಯಾನಾ!"

ಝೋಯಾ ರಷ್ಯನ್ ಕ್ರಮದಲ್ಲಿ, ಮನೆತನದ ಹೆಸರು ಮೊದಲಿಟ್ಟು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲೇ ಕೂಗಿಬಿಟ್ಟಿದ್ದಳು. ಕೂಗಿ, ರೂಢಿಯಂತೆ ತಲೆ ಎತ್ತಿ, ಉತ್ತರಕ್ಕೆ ಕಾದಳು.