ಅರಿಶಿನ ಹಚ್ಚಿದ ಕಾರ್ಡು

ಅಂಚೆಯವನ ಸೈಕಲ್ಲು ಓಣಿಯ ತಿರುವಿಗೆ ಬಂತೆಂದರೆ ಸಿದ್ದಲಿಂಗವ್ವ ಬಾಗಿಲಿಗೆ ಬರುತ್ತಿರಲಿಲ್ಲ, ಬಾಗಿಲ ಹಿಂದಕ್ಕೆ ಸರಿಯುತ್ತಿದ್ದಳು. ಎದುರಿಗೆ ನಿಂತು ಕಾದರೆ ಬರುವ ಕಾಗದವೂ ಬಾರದೆ ಹೋದೀತೆಂಬ ಅಂಜಿಕೆ ಅವಳದು. ಕಲ್ಲುಹಾಸಿನ ಮೇಲೆ ಸೈಕಲ್ಲು ಖಡಖಡ ಎನ್ನುತ್ತ ಹತ್ತಿರವಾಗುತ್ತಿತ್ತು, ಹಾಗೆಯೇ ದೂರವಾಗುತ್ತಿತ್ತು. ಆಮೇಲೆ ಅವಳು ಹೊರಬಂದು, ಬೇರೆ ಏನೋ ಕೆಲಸಕ್ಕೆ ಬಂದವಳಂತೆ, ಕಟ್ಟೆಯ ಮೇಲಿನ ಧೂಳು ಒರೆಸುತ್ತಿದ್ದಳು.

ಜತ್ತಿನ ಬಾವಿ ಓಣಿಯಲ್ಲಿ ದಾವಲಬಿಯ ಮನೆಯ ಮುಂದಿನ ಖೋಲಿಯನ್ನು ಅವಳು ಬಾಡಿಗೆಗೆ ಹಿಡಿದಿದ್ದಳು. ಒಳಮನೆಯಲ್ಲಿ ದಾವಲಬಿ ಕುಪ್ಪಸ ಹೊಲಿಯುತ್ತಿದ್ದಳು. ಹೊರಗಿನ ಖೋಲಿಯಲ್ಲಿ ಸಿದ್ದಲಿಂಗವ್ವ ಶುಂಠಿ, ಹಿಪ್ಪಲಿ, ಅಜಿವಾನ ಕುಟ್ಟಿ ಬಾಣಂತಿ ಪುಡಿ ಮಾಡುತ್ತಿದ್ದಳು. ಪುಡಿ ಅವಳ ಅಜ್ಜಿಯದು. ಅದನ್ನು ಅಂಚೆಯಲ್ಲಿ ಮಾರುವ ಯೋಚನೆ ಮಾತ್ರ ಅವಳದೇ. ವಿಜಾಪುರದ ಕಾಲೇಜಿನಲ್ಲಿ ಎರಡು ವರ್ಷ ಓದಿದ್ದಳು. ಕೈಹಿಡಿದ ಗಂಡ, ಸಾಲಿ ಮಾಸ್ತರ, ಜತ್ತಿನ ಸಂಸ್ಥಾನ ವಿಲೀನವಾದ ಮರುವರ್ಷವೇ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿಲ್ಲ. ಕರಜಗಿಯ ತವರಿನಲ್ಲಿ ಅಣ್ಣ ಅಣ್ಣಾರಾಯ ಕೆಟ್ಟವನಲ್ಲ, ಅವನ ಹೆಂಡತಿ ವೈನಿಯೂ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ಅವಳು ಪಡಸಾಲೆಗೆ ಬಂದರೆ ನಗುತ್ತಿದ್ದವರು ನಗು ನಿಲ್ಲಿಸುತ್ತಿದ್ದರು. ಅದೊಂದನ್ನು ತಾಳಲಾರದೆ ಜತ್ತಿಗೆ ಬಂದಿದ್ದಳು.

“ಒಂದ ವರ್ಷ ನೋಡು,” ಎಂದಿದ್ದ ಅಣ್ಣಾರಾಯ. “ಯುಗಾದಿ ಮಟಾ ನಿನ್ನ ಹೊಟ್ಟಿಗೆ ನೀ ದುಡಕೊಂಡ್ರ ಇರು. ಇಲ್ಲಂದ್ರ ಬಂಡಿ ತರ್ತೀನಿ, ಪೆಟಗಿ ಕಟ್ಟು.”

ಅಂಚೆಯಲ್ಲಿ ಮಾರಬೇಕಾದರೆ ವಿಳಾಸ ಬೇಕು. ಅದಕ್ಕೆ ಅವಳು ಹೂಡಿದ ಉಪಾಯ ಯಾರಿಗೂ ಹೊಳೆಯುವಂಥದಲ್ಲ. ಸುತ್ತಿನ ಹಳ್ಳಿಗಳ ಲಗ್ನಪತ್ರಿಕೆಗಳೆಲ್ಲ ಅಚ್ಚಾಗುತ್ತಿದ್ದುದು ಬಂದೇನವಾಜನ ಛಾಪಖಾನೆಯಲ್ಲಿ. ಅಲ್ಲಿ ಮಸಿ ಹತ್ತಿ ಕೆಟ್ಟ ಪ್ರತಿಗಳನ್ನು ಅವಳು ಕೇಳಿ ತರುತ್ತಿದ್ದಳು. ಪ್ರತಿಯೊಂದರಲ್ಲೂ ಒಬ್ಬ ಹುಡುಗಿಯ ಹೆಸರು, ಅವಳ ತಂದೆಯ ಹೆಸರು, ಊರು. ಚೊಚ್ಚಲ ಹೆರಿಗೆಗೆ ಹುಡುಗಿ ಬರುವುದು ತವರಿಗೆ. ಆದ್ದರಿಂದ ಮದುವೆಯಾದ ಮರುವರ್ಷ ಅವಳ ತಂದೆಯ ಮನೆಗೆ ಒಂದು ಕಾರ್ಡು ಹೋಗಬೇಕು. ಆ ಕಾರ್ಡಿನ ಒಂದೊಂದು ಶಬ್ದವನ್ನೂ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದಳು. ಬಸಿರಾಗದ ಹುಡುಗಿಯ ಮನೆಗೆ ಹೋದರೂ ಚುಚ್ಚಬಾರದು. ಕೊನೆಗೆ “ತವರಿಗೆ ಬರಲಿರುವ ಮಗಳಿಗಾಗಿ” ಎಂದು ನಿಲ್ಲಿಸಿದ್ದಳು. ಪುಡಿ ಬೇಕೆಂದು ಬರೆದವರಿಗೆ ವಿ.ಪಿ. ಮಾಡುವುದು, ಪುಡಿಯ ಗಂಟು ಕೊಟ್ಟು ಅಂಚೆಯವನೇ ಹಣ ಇಸಿದುಕೊಳ್ಳುವುದು.

ವಿಳಾಸ ಬರೆಯುವಾಗ ಆ ಹುಡುಗಿಯರೆಲ್ಲ ಅವಳಿಗೆ ಪರಿಚಯದವರಾದಂತೆ ಆಗುತ್ತಿತ್ತು. ಈ ಗುರವ್ವನಿಗೆ ಹುಳಿ ಬೇಕೆನಿಸುತ್ತಿರಬಹುದು, ಈ ಮಲಕವ್ವ ತವರಿನ ಬಸ್ಸಿನ ದಾರಿ ನೋಡುತ್ತಿರಬಹುದು. ಅವರಲ್ಲಿ ಒಬ್ಬಳಿಗೂ ಸಿದ್ದಲಿಂಗವ್ವನೆಂಬವಳು ಇದ್ದಾಳೆಂದು ಗೊತ್ತಿರಲಿಲ್ಲ.

ಮೊದಲ ಸಲದ ಕಾರ್ಡುಗಳಿಗೆ ಉತ್ತರವೇ ಬರಲಿಲ್ಲ. ಮುಂಬಯಿಯ ಮಾಸಪತ್ರಿಕೆಗಳಲ್ಲಿ ನೋಡಿದಂತೆ ಅವಳು ಕಾರ್ಡಿನ ಒಂದು ಮೂಲೆಗೆ ಚುಕ್ಕೆಗೆರೆ ಹಾಕಿಸಿ, “ಈ ಮೂಲೆಯನ್ನು ಹರಿದು ನಮಗೆ ಕಳಿಸಿರಿ, ಪುಡಿ ಕಳಿಸುತ್ತೇವೆ” ಎಂದು ಅಚ್ಚು ಹಾಕಿಸಿದ್ದಳು. ತಿಂಗಳು ಕಳೆದ ಮೇಲೆ ದಾವಲಬಿ ಒಂದು ಕಾರ್ಡನ್ನು ಕೈಗೆತ್ತಿಕೊಂಡು, ಗೆರೆ ಯಾತಕ್ಕೆಂದು ಕೇಳಿದಳು. ಕೇಳಿದವಳೇ ಸೂಜಿ ಕೆಳಗಿಟ್ಟಳು.

“ಯವ್ವಾ, ಮೂಲಿ ಹರದ ಕಾಗದಾ ಯಾರ ಮನ್ಯಾಗರ ಇಟ್ಕೋತಾರೇನು? ಸತ್ತ ಸುದ್ದಿ ಬರೂದು ಹಂಗ. ಮಗಳು ಹಡಿಯಾಕ ಬರೂ ಮನ್ಯಾಗ, ಕೈಯಾರೆ ಮೂಲಿ ಹರೀರಿ ಅಂತಿ.”

ಸಿದ್ದಲಿಂಗವ್ವನ ಮುಖ ಸುಟ್ಟಂತಾಯಿತು. ಅವಳ ಗಂಡ ಸತ್ತಾಗ ಊರೂರಿಗೆ ಹೋದ ಕಾರ್ಡುಗಳ ಮೂಲೆ ಹರಿದದ್ದು ಅವಳ ಕಣ್ಣೆದುರಿಗೇ. ಬಂದೇನವಾಜನನ್ನು ಕೇಳಿದರೆ, “ನನಗೂ ಅನಿಸಿತ್ರಿ ಬಾಯಾರ. ಆದ್ರ ನೀವು ಕಾಲೇಜ ಕಲ್ತವ್ರು, ನಾ ಅಚ್ಚಿನ ಮೊಳಿ ಜೋಡಸಾಂವ,” ಎಂದು ಗಡ್ಡದೊಳಗೇ ನಕ್ಕ.

ಸತ್ತ ಸುದ್ದಿಗೆ ಹರಿದ ಮೂಲೆಯಾದರೆ ಶುಭ ಸುದ್ದಿಗೆ ಅರಿಶಿನದ ಮೂಲೆ. ಅದು ತಾನೇ ತಾನಾಗಿ ಹೊಳೆಯಿತು. ಮುಂದಿನ ಸಲ ಗೆರೆ ತೆಗೆಸಿದಳು, ಬಟ್ಟಲಲ್ಲಿ ಅರಿಶಿನ ಕಲಸಿ ನಾಲ್ಕೂ ಮೂಲೆಗೆ ಹಚ್ಚಿದಳು. ಬೆರಳಿನಿಂದಲ್ಲ. ಗಂಡ ಸತ್ತವಳ ಬೆರಳು ಹಳದಿಯಾದರೆ ಓಣಿಯವರು ನೋಡದೆ ಇರುತ್ತಾರೆಯೆ? ಕಸಬರಿಗೆಯ ಕಡ್ಡಿಗೆ ಅರಳೆ ಸುತ್ತಿ ಹಚ್ಚಿದಳು.

ಸೈಕಲ್ಲು ನಿಲ್ಲತೊಡಗಿತು. ಒಂದು ಕಾರ್ಡು, ಮತ್ತೊಂದು, ಒಂದೊಂದು ದಿನ ನಾಲ್ಕಾರು. ದಾವಲಬಿ ಉಳಿದ ತುಂಡು ಬಟ್ಟೆಯಲ್ಲಿ ಪುಡಿಯ ಗಂಟುಗಳಿಗೆ ಚೀಲ ಹೊಲಿದಳು. ಸಂಕ್ರಾಂತಿಯ ಹೊತ್ತಿಗೆ ಖೋಲಿಯ ಬಾಡಿಗೆ ಪುಡಿಯಿಂದಲೇ ಹೋಗುತ್ತಿತ್ತು.

ಯುಗಾದಿಯ ಮುಂಚಿನ ವಾರ ಅಣ್ಣಾರಾಯ ಬಂದ. ಹೆಗಲ ಮೇಲಿನ ಜೋಳದ ಚೀಲ ಇಳಿಸಿ, ಗೋಡೆಗೆ ಒರಗಿಸಿದ್ದ ಗಂಟುಗಳ ಸಾಲನ್ನು ನೋಡಿ ಹುಬ್ಬೇರಿಸಿದ.

“ಏನ್ ಸಿದ್ದವ್ವಾ, ಪೋಸ್ಟನಾಗ ನಿನಗೊಂದು ಖುರ್ಚಿ ಹಾಕ್ಯಾರೇನು?”

“ನಿಂತೇ ಬರ್ತೀನಿ ಅಣ್ಣಾ. ಖುರ್ಚಿ ಕೊಟ್ರ ಬಾಡಿಗಿ ಕೇಳ್ತಾರ.”

ಅವನು ನಕ್ಕ. ರೊಟ್ಟಿ ಮುರಿಯುತ್ತ, “ನಿಮ್ಮ ವೈನಿ ಕರಕೊಂಡ ಬರ್ರಿ ಅಂದಾಳ. ಆದ್ರ ನಡಿಯೂದನ್ನ ಯಾಕ ಕೆಡಸೂದು? ಇರು. ಪೆಟಗಿ ಕಟ್ಟಬ್ಯಾಡ,” ಎಂದ. ಆ ಮಾತಿಗಾಗಿ ಅವಳು ಒಂದು ವರ್ಷದಿಂದ ಕಾದಿದ್ದಳು. ಕಿವಿಗೆ ಬಿದ್ದಾಗ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆಗಲೇ ಹೊಸ್ತಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತರ ಆಚೆಯವಳು. ಹೊಸ ಸೀರೆ, ಧೂಳು ಹಿಡಿದ ಪಾದ, ಕಂಕುಳಲ್ಲಿ ಬಟ್ಟೆಯ ಗಂಟು.

“ಇದ ಏನವ್ವಾ ಲಗ್ನದ ಮನಿ? ಹಂದರ ಇನ್ನ ಹಾಕಿಲ್ಲಲ್ಲ.”

ಗಿರಾಕಿಯೇ ಇರಬೇಕೆಂದು ಅಣ್ಣಾರಾಯ, “ಬರ್ರಿ, ಒಳಗ ಬರ್ರಿ, ಕುಂದ್ರಿ,” ಎಂದ. ಸಿದ್ದಲಿಂಗವ್ವ ನೀರು ಕೊಟ್ಟಳು. ಹೆಂಗಸು ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡಳು.

“ನಾ ಭಾಗವ್ವ. ಉಮದಿ ಆಚೀಕ ನಮ್ಮ ಹಳ್ಳಿ. ಶಿವಯೋಗೆಪ್ಪ ನನ್ನ ಖಾಸ ಅಣ್ಣ. ಜತ್ತಿಂದ ಬಂದೈತಿ ಅಂತ ಪೋಸ್ಟಿನಾಂವ ಕಾರ್ಡ ಕೊಟ್ಟ, ಜತ್ತಿನಾಗ ನಮಗ ಅವನ ಒಬ್ಬಾಂವ. ಮನಿ ಸಣ್ಣದಾತಂತ ಲಗ್ನಾ ಇಲ್ಲಿ ಹಿಡದಾನೇನು? ತಾರೀಖ ಯಾವತ್ತಂತ ನನಗ ಗೊತ್ತಿಲ್ಲವ್ವಾ. ಸಾಲಿ ಮಾಸ್ತರ ಊರಾಗಿಲ್ಲ, ಓದಿ ಹೇಳಾವ್ರಿಲ್ಲ. ನಮ್ಮ ಮನ್ಯಾವ್ರು, ಕರದಾನಲ್ಲ, ಲಗೂನ ಹೋಗು ಅಂದ್ರು. ಸೋದರತ್ತಿ ಮುಂಚೇನ ಬಂದ್ರ ತಪ್ಪೇನು? ಅರಿಶಿಣಾ ಬೀಸಾಕ ನಾ ಬೇಕಲ್ಲ.”

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಕಾರ್ಡು ತೆಗೆದಳು. ನಾಲ್ಕೂ ಮೂಲೆ ಹಳದಿ. ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನು ಅವಸರದಲ್ಲಿ ಕೆಳಗಿನ ವಿಳಾಸವನ್ನಷ್ಟೇ ಓದಿ ದಾರಿ ತೋರಿಸಿದ್ದನಂತೆ.

ಸಿದ್ದಲಿಂಗವ್ವ ತನ್ನ ಕಾರ್ಡನ್ನು ಗುರುತಿಸಿದಳು. ವಿಳಾಸದಲ್ಲಿ “ಸಾತಪ್ಪ” ಎಂದು ತಾನೇ ಬರೆದ ಹೆಸರು, ಇವಳ ಗಂಡನದಿರಬೇಕು. ಮಗಳು ಮಲಕವ್ವ, ಹೋದ ವರ್ಷದ ಮದುವೆ.

ಭಾಗವ್ವ ನಿಲ್ಲಿಸಲಿಲ್ಲ. ಅಣ್ಣ ಶಿವಯೋಗೆಪ್ಪ ತನ್ನ ಮಗ ಶಿದ್ರಾಯನಿಗೆ ಮಲಕವ್ವನನ್ನು ಕೇಳಿದ್ದ. ಹುಡುಗಿ ಒಲ್ಲೆ ಎಂದಳು, ಇವಳು ಹೊರಗೆ ಕೊಟ್ಟಳು. ಅಂದಿನಿಂದ ಅಣ್ಣ ಇವರ ಬಾಗಿಲು ತುಳಿದಿಲ್ಲ. ಸೋದರಮಾವನಿಲ್ಲದೆಯೇ ಮಲಕವ್ವನ ಮೇಲೆ ಅಕ್ಕಿಕಾಳು ಬಿತ್ತು. “ಸಿಟ್ಟ ಇಳಿದೈತಿ ನೋಡು,” ಎನ್ನುತ್ತ ಗಂಟು ಬಿಚ್ಚಿದಳು. ಒಳಗೆ ಹೊಸ ಸೊಸೆಗೆ ಹಸಿರು ಖಣ, ತೆಂಗಿನಕಾಯಿ, ಅಣ್ಣನಿಗೆ ತಲೆಗೆ ಸುತ್ತಲು ಒಂದು ಪಟಗ. “ಆಯೇರಿ ಕಡಿಮಿ ಆತೇನೋ. ಅವ ನಕ್ಕರ ನಗಲಿ ಬಿಡು.”

ಲಗ್ನ ಮುಂದೆ ಹೋಗಿದೆ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು, ಎಷ್ಟು ಸುಲಭದ ಮಾತು. ಅದನ್ನು ನಂಬಿ ಇವಳು ಊರಿಗೆ ಹೋಗಿ ಇನ್ನೊಂದು ಹಳದಿ ಕಾರ್ಡಿಗಾಗಿ ಅಂಚೆಯವನ ದಾರಿ ಕಾಯುತ್ತಾಳೆ. ಅಂಚೆಯವನ ದಾರಿ ಕಾಯುವುದೆಂದರೆ ಏನೆಂಬುದು ಸಿದ್ದಲಿಂಗವ್ವನಿಗೆ ಗೊತ್ತಿತ್ತು.

ಅವಳು ತಡವರಿಸುತ್ತಿರುವಾಗಲೇ ಅಣ್ಣಾರಾಯ ಕೈ ತೊಳೆಯುತ್ತ, “ಕಿರಾಣಿ ಶಿವಯೋಗೆಪ್ಪನ ಮಗಾ ಶಿದ್ರಾಯನೇನ್ರಿ? ಅವಂದು ದೀಪಾವಳಿ ಆದ ಕೂಡ್ಲೆ ಆತಲ್ಲ. ನಾನ ಉಂಡ ಬಂದೀನಿ,” ಎಂದ.

ಭಾಗವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಕಾರ್ಡನ್ನು ನೋಡಿದಳು.

“ಅವ್ವಾರ,” ಎಂದಳು ಸಿದ್ದಲಿಂಗವ್ವ. “ಅದು ಲಗ್ನದ ಕಾರ್ಡಲ್ಲ. ನಿಮ್ಮಣ್ಣ ಕಳಿಸಿದ್ದಲ್ಲ. ನಾ ಕಳಿಸಿದ್ದು. ಬಾಣಂತಿ ಪುಡಿ ಮಾರತೀನಿ. ಮಗಳು ಹಡಿಯಾಕ ಬರ್ತಾಳಂತ ನಿಮ್ಮ ಮನಿಗೂ ಒಂದು ಹಾಕಿದ್ದೆ.”

“ಅರಿಶಿಣಾ?”

“ಅದನ್ನೂ ನಾನ ಹಚ್ಚಿದ್ದು. ಮಂದಿ ಖುಷೀಲೆ ಇಸ್ಕೊಳ್ಳಲಿ ಅಂತ.”

“ಇಸ್ಕೊಂಡೆನವ್ವಾ,” ಎಂದಳು ಭಾಗವ್ವ. “ಭಾಳ ಖುಷೀಲೆ ಇಸ್ಕೊಂಡೆ.”

ಒಳಗೆ ದಾವಲಬಿಯ ಹೊಲಿಗೆಯ ಯಂತ್ರ ನಿಂತಿತು. ಭಾಗವ್ವ ಅಣ್ಣಾರಾಯನ ಕಡೆ ತಿರುಗಿ, “ಲಗ್ನದಾಗ ಏನ್ ಮಾಡಿದ್ರಪ್ಪಾ ಊಟಕ್ಕ?” ಎಂದು ಕೇಳಿದಳು.

“ಗೋದಿ ಹುಗ್ಗಿರಿ.”

“ಹೂಂ. ನಮ್ಮಪ್ಪನ ಕಾಲದಿಂದ ಆ ಮನ್ಯಾಗ ಲಗ್ನಕ್ಕ ಹುಗ್ಗೀನ. ತುಪ್ಪ ಬಿಟ್ಟಿದ್ರೇನು?”

“ಬಿಟ್ಟಿದ್ರು,” ಎಂದು ಅಣ್ಣಾರಾಯ ತಲೆ ತಗ್ಗಿಸಿದ.

ರೊಟ್ಟಿ ಹಾಕಿದರೆ ಅವಳು ಅರ್ಧ ತಿಂದಳು. ಸಿದ್ದಲಿಂಗವ್ವ ಒಂದು ಗಂಟು ಪುಡಿಯನ್ನು ಮುಂದಿಟ್ಟು, ಹಣ ಬೇಡ, ಮಗಳಿಗೆ ಒಯ್ಯಿರಿ ಎಂದಳು. ಭಾಗವ್ವ ಅದನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಸಿಟ್ಟಿಲ್ಲವ್ವಾ. ಆದ್ರ ಇದರ ವಾಸನಿ ಬಂದಾಗೊಮ್ಮೆ ನನಗ ಇವತ್ತಿಂದು ನೆನಪಾಗ್ತೈತಿ. ಮಗಳ ಮುಂದ ಅಳೂದಾಗಬಾರ್ದು.” ಖಣ, ಕಾಯಿ, ಪಟಗ ಮೂರನ್ನೂ ಮತ್ತೆ ಮಡಚಿ ಗೋಡೆಯ ಮಾಡದಲ್ಲಿ ಇಟ್ಟಳು. “ಇವು ಇಲ್ಲೇ ಇರಲಿ. ಮನಿ ಬಿಟ್ಟು ಹೊಂಟ ಆಯೇರಿ ತಿರುಗಿ ಮನಿಗೆ ಹೋಗಬಾರ್ದು. ಯಾರಿಗರ ಕೊಡು.”

ಅವಳು ಕೈತೊಳೆಯಲು ಹಿತ್ತಲಿಗೆ ಹೋದಾಗ ಅಣ್ಣಾರಾಯ ತಂಗಿಯ ಮುಖ ನೋಡಿ ಏನೋ ಅರಿತವನಂತೆ ದನಿ ತಗ್ಗಿಸಿದ.

“ಒಬ್ಬಾಕಿ ತಪ್ಪ ತಿಳಕೊಂಡ್ಲು. ಇಷ್ಟು ಕಾರ್ಡನ್ಯಾಗ ಒಂದು. ಅದಕ್ಕ ನೀ ಅರಿಶಿಣಾ ಬಿಡತಿ ಏನು?”

“ಬಿಡ್ತೀನಿ ಅಣ್ಣಾ.”

“ಬಿಟ್ರ ಯಾರ್ ತಗೋತಾರ? ಮೊದಲಿನಂಗ ಆಕ್ಕೈತಿ.”

“ಆಗಬಹುದು.”

“ಈಗ ಇರು ಅಂದೀನಿ. ಆಮ್ಯಾಲೆ ಬಂಡಿ ತರೂಹಂಗ ಮಾಡಬ್ಯಾಡ.”

“ಬಸವ ಜಯಂತಿಗೆ ಬಾ. ಆವಾಗ ನೋಡು. ನಡೀಲಿಲ್ಲಂದ್ರ ನಾನ ಪೆಟಗಿ ಕಟ್ಟಿ ಇಡ್ತೀನಿ.”

ಅಣ್ಣಾರಾಯ ಖಾಲಿ ಚೀಲವನ್ನು ಝಾಡಿಸಿ ಹೆಗಲಿಗೆ ಹಾಕಿಕೊಂಡ. ನಿನ್ನ ಹಟಕ್ಕೆ ಮದ್ದಿಲ್ಲ ಎಂದೇನೋ ಗೊಣಗುತ್ತ ಹೋದ.

ಉಮದಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಭಾಗವ್ವ ಕೂರಲೊಲ್ಲೆ ಎಂದಳು. ಸಿದ್ದಲಿಂಗವ್ವ ಅವಳ ಜೊತೆಗೆ ಹೊರಟಳು. ಪೇಟೆಯ ದಾರಿಯಲ್ಲಿ ಒಂದು ಓಣಿಯ ಬಾಯಿಗೆ ಬಂದಾಗ ಭಾಗವ್ವನ ನಡೆ ನಿಧಾನವಾಯಿತು. ಓಣಿಯೊಳಗೆ ಒಂದು ಕಿರಾಣಿ ಅಂಗಡಿ, ಅದರ ಪಕ್ಕಕ್ಕೆ ಹಸಿರು ಬಾಗಿಲು. ಬಾಗಿಲಿನ ಮೇಲೆ ಒಣಗಿದ ತೋರಣ ಇನ್ನೂ ಇತ್ತು. ಒಬ್ಬ ಎಳೆಯ ಸೊಸೆ ಹೊರಗೆ ಬಂದು ನೀರು ಚೆಲ್ಲಿ, ಇವರನ್ನು ಯಾರೋ ಎಂಬಂತೆ ನೋಡಿ, ಒಳಗೆ ಹೋದಳು.

“ಚಲೋ ಅದಾಳ,” ಎಂದಳು ಭಾಗವ್ವ. ಮತ್ತೆ ನಡೆದಳು.

ಬಸ್ಸು ಹೊರಡುವಾಗ ಸಿದ್ದಲಿಂಗವ್ವ ಕಿಟಕಿಯ ಕೆಳಗೆ ನಿಂತು ತಪ್ಪಾಯಿತೆಂದು ಹೇಳಬೇಕೆಂದಿದ್ದಳು. ಅದಕ್ಕೆ ತಕ್ಕ ಶಬ್ದ ಸಿಗುವಷ್ಟರಲ್ಲಿ ಬಸ್ಸು ಹೋಯಿತು.

ಮನೆಗೆ ಬಂದು ಅರಿಶಿನದ ಡಬ್ಬಿಯನ್ನು ಒಯ್ದು ದಾವಲಬಿಯ ಒಲೆಯ ಪಕ್ಕಕ್ಕೆ ಇಟ್ಟಳು.

“ಆಪಾ, ಸಾರಿಗೆ ಹಾಕ್ಕೋರಿ.”

ದಾವಲಬಿ ಡಬ್ಬಿಯನ್ನೂ ಅವಳನ್ನೂ ನೋಡಿದಳು. “ಇಷ್ಟು ಅರಿಶಿಣಕ್ಕ ಎಷ್ಟು ಸಾರು ಮಾಡ್ಲೆವ್ವಾ? ಊರಿಗೆಲ್ಲಾ ಉಣಸಬೇಕಾಕ್ಕೈತಿ,” ಎಂದಳು. ಆಮೇಲೆ, “ಮುಂದ ಹೆಂಗ?” ಎಂದು ಮೆಲ್ಲಗೆ ಕೇಳಿದಳು.

“ನೋಡೂಣ್ರಿ.”

ಆ ತಿಂಗಳ ಕಾರ್ಡುಗಳು ಬಿಳಿಯ ಮೂಲೆಯಲ್ಲೇ ಹೋದವು. ಯುಗಾದಿ ಬಂತು, ಬೇವು ಬೆಲ್ಲವನ್ನು ಅವಳು ಒಬ್ಬಳೇ ಕಲಸಿ, ಒಬ್ಬಳೇ ತಿಂದಳು. ಮಾಡದಲ್ಲಿನ ಹಸಿರು ಖಣವನ್ನು ಯಾರಿಗೆ ಕೊಡಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ.

ಹಬ್ಬದ ಮರುದಿನ ಕಲ್ಲುಹಾಸಿನ ಮೇಲೆ ಸೈಕಲ್ಲಿನ ಸಪ್ಪಳ ಕೇಳಿಸಿತು. ಸಿದ್ದಲಿಂಗವ್ವ ಬಾಗಿಲ ಹಿಂದಕ್ಕೆ ಸರಿಯಲಿಲ್ಲ. ಹೊಸ್ತಿಲಲ್ಲಿ ಬಂದು ಎದುರಿಗೇ ನಿಂತಳು. ಅಂಚೆಯವನು ಅವಳನ್ನು ಕಂಡು, ಇಲ್ಲವೆಂದು ತಲೆಯಲ್ಲಾಡಿಸಿ, ಪೆಡಲು ತುಳಿಯುತ್ತ ಮುಂದೆ ಹೋದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಅವಳು ಅಲ್ಲಿಯೇ ನಿಂತಿದ್ದು, ಒಳಗೆ ಬಂದು, ಮುಂದಿನ ವಿಳಾಸ ಬರೆಯಲು ಕುಳಿತಳು.